ಕೆಮ್ಮಣ್ಣಿನ ಹಗ್ಗ

ಇದು ನಮ್ಮ ಕಿಯೋಸ್ ದ್ವೀಪದ ಮಣ್ಣು.
ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಮೂರು ಸಲ ನೀರಲ್ಲಿ ಇಳಿಸಿದರೆ
ಆಗತಾನೆ ಹಿಡಿದ ಮೀನಿನ ಕಿವಿರಿನ ಬಣ್ಣ ಬರುತ್ತದೆ.
ಎಣ್ಣೆಯ ಮಡ್ಡಿ ಬೆರೆಸಬೇಕು, ಸ್ವಲ್ಪವೇ.
ತಾಕಿದ ಮೇಲೆ ಬಿಡಬಾರದು. ಬಿಟ್ಟರೆ ನನಗೆ ಕೂಲಿಯಿಲ್ಲ.

ಸಭೆಯ ದಿನ ಕೋಳಿ ಕೂಗುವ ಮೊದಲೇ ಬರುತ್ತಾರೆ
ಅಥೆನ್ಸಿನ ಗುಲಾಮರು, ಸ್ಕೈಥಿಯಾದ ಬಿಲ್ಲಾಳುಗಳು,
ಮಾತು ಕಡಿಮೆ, ಮೀಸೆ ಜಾಸ್ತಿ.
ಹಗ್ಗವನ್ನು ನನ್ನ ಬಾನಿಗೆ ಇಳಿಸಿ ಮೇಲೆತ್ತುತ್ತಾರೆ
ಹಸಿ ಕರುಳಬಳ್ಳಿಯಂತೆ ತೊಟ್ಟಿಕ್ಕುತ್ತ.
ಆಮೇಲೆ ಸಂತೆಯ ಎರಡು ಬದಿ ಹಿಡಿದು
ಊರವರನ್ನು ಗುಡ್ಡದ ಕಡೆ ಅಟ್ಟುವುದು:
ಮೀನಿನ ಚೌಕಾಶಿ ಬಿಡದವನು, ಕ್ಷೌರದಂಗಡಿಯ ಹರಟೆಮಲ್ಲ,
'ಯುದ್ಧವೋ ಸಂಧಿಯೋ ಯಾರಾದರೂ ಕೈಯೆತ್ತಲಿ' ಅನ್ನುವವನು.
ಬೆನ್ನಿಗೆ ಕೆಂಪು ತಾಕಿತೋ, ದಂಡ.
ಇಲ್ಲಿ ಆಳುವುದಕ್ಕೂ ಜನರನ್ನು ದನದ ಹಾಗೆ ಹೊಡೆಯಬೇಕು.
ಹೊಡೆಯುವವರು ಗುಲಾಮರು.
ನಗಬೇಡಿ; ಇಪ್ಪತ್ತು ವರ್ಷ ನಾನೇ ನಕ್ಕು ಮುಗಿಸಿದ್ದೇನೆ.

ನನ್ನೆದುರು ಮಾತ್ರ ಹಗ್ಗ ಸಡಿಲಾಗುತ್ತದೆ,
ಕಂಬವನ್ನೋ ನಾಯಿಯನ್ನೋ ಬಳಸಿ ಹೋದ ಹಾಗೆ ಹೋಗುತ್ತದೆ.

ಪಟ್ಟಿಯಲ್ಲಿ ನನ್ನ ಹೆಸರಿದೆ, ಇಲ್ಲವೆನ್ನಲಾರೆ:
ಲೂಸಿಲ್ಲ, ಮೆಲಿತೆಯಲ್ಲಿ ವಾಸ.
ಪಕ್ಕದ ಮನೆಯ ಕುಡುಕ ಖೈರೆಸ್ತ್ರಾತ: ಮೆಲಿತೆಯವನು.
ಅವನು ಊರಿನವನು; ನಾನು ಊರಿನಲ್ಲಿ.
ಒಂದು ವಿಭಕ್ತಿಯಷ್ಟೇ ಅಂತರ.
ಅದಕ್ಕೆ ವರ್ಷಕ್ಕೆ ಆರು ದ್ರಾಕ್ಮ, ಗಂಡಿಲ್ಲದ ಹೆಂಗಸಿನ ದರ.
ನನ್ನ ಪರವಾಗಿ ಬಾಯಿ ತೆರೆಯಲು ಅದೇ ಖೈರೆಸ್ತ್ರಾತ,
ಆ ಬಾಯಿಗೆ ಒಂದು ಕೊಡ ದ್ರಾಕ್ಷಾರಸ.

ಪಾಠ ಹೇಳುವ ಆರ್ಖಿಲ್ಲ ಬರುತ್ತಾನೆ, ಗೆರೆಯೆಳೆಯುವ ಕೆಂಪಿಗೆ,
ಹಿಂದೆ ನಾಲ್ಕು ಹುಡುಗರು.
'ಪೌರನೆಂದರೆ ಯಾರು?' ಅವರನ್ನು ಕೇಳುತ್ತಾನೆ, ನನ್ನ ತಕ್ಕಡಿ ನೋಡುತ್ತ.
'ಗೋಡೆಯೊಳಗೆ ಇದ್ದರೆ ಸಾಲದು, ಇಲಿಯೂ ಗೋಡೆಯೊಳಗೇ ಇರುತ್ತದೆ.
ತೀರ್ಪು ಕೊಡುವವನು, ಆಳುವವನು,
ಸರದಿ ಮುಗಿದಾಗ ಇಳಿದು ಬಂದು ಆಳಿಸಿಕೊಳ್ಳುವವನು.'
ಸೊಗಸಾದ ಮಾತು. ಅರ್ಧ ನನಗೂ ಒಪ್ಪುತ್ತದೆ.
ಆಳಿಸಿಕೊಳ್ಳುವ ಸರದಿಯಲ್ಲಿ ಬಹಳ ಹೊತ್ತಿನಿಂದ ನಿಂತಿದ್ದೇನೆ.
ಹಾಗಂತ ಹೇಳಲಿಲ್ಲ. ತೂಗಿ ಕೊಟ್ಟೆ, ಚೂರು ಹೆಚ್ಚೇ.

ಮೊನ್ನೆ ಏನಾಯಿತೆಂದರೆ
ನನ್ನ ಮಿಕಿಯೋನ್, ಹದಿನೇಳು, ಇಲ್ಲೇ ಹುಟ್ಟಿದವನು,
ಇಲ್ಲಿನ ಬೈಗುಳವನ್ನೇ ಬೈಯುವವನು,
ಹಗ್ಗಕ್ಕೆ ಬೆನ್ನು ಕೊಟ್ಟು ನಿಂತ.
ಬಿಲ್ಲಾಳು ತಲೆಯ ಮೇಲಿಂದ ದಾಟಿಸಲು ಹಗ್ಗ ಎತ್ತಿದ;
ಯಾರು ಯಾರ ಮಗನೆಂದು ಅವನಿಗೆ ಗೊತ್ತು.
ನನ್ನವನು ಜಿಗಿದು ಹೆಗಲು ತಾಗಿಸಿದ.
ತಾಗಿಸಿಕೊಂಡು, ದೇವರೇ, ನಕ್ಕ.

ಮನೆಗೆ ಬಂದವನ ಮೇಲುಡೆಗೆ ಅಡ್ಡಗೆರೆ,
ನಾನೇ ಅರೆದ ಕೆಂಪು.
'ದಂಡ ಹಾಕಲಿ' ಅಂದ, ಮದುವೆಗೆ ಕರೆಯಲಿ ಅನ್ನುವ ಹಾಗೆ.
ಮಂಕೇ, ಊರವನೆಂದು ನಟಿಸಿದವನಿಗೆ ಇಲ್ಲಿ ದಂಡವಿಲ್ಲ,
ಗುಲಾಮರನ್ನು ಮಾರುವ ಕಟ್ಟೆಯಿದೆ.
ಅಲ್ಲಿ ನಿಲ್ಲಿಸಿ ಹಲ್ಲು ಎಣಿಸುತ್ತಾರೆ.

ರಾತ್ರಿಯಿಡೀ ಒಗೆದೆ.
ಬೂದಿ, ಹಳಸಿದ ಉಚ್ಚೆ, ಕಿಮೊಲೋಸಿನ ಬಿಳಿಮಣ್ಣು.
ಬಿಡಲಿಲ್ಲ. ಬಿಡದ ಹಾಗೆ ಮಾಡಿದವಳು ನಾನು;
ಎಣ್ಣೆಯ ಮಡ್ಡಿ ಸ್ವಲ್ಪವೇ, ಸರಿಯಾದ ಅಳತೆ.
ಬೆಳಗಿನ ಜಾವಕ್ಕೆ ಗೆರೆ ಮಾಸಿ ಮಾಸಿ
ಎಳೆಗೂಸಿನ ಒಸಡಿನ ಬಣ್ಣಕ್ಕೆ ಬಂದು ನಿಂತುಬಿಟ್ಟಿತು.

ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ, ನಿದ್ದೆ ಬಂದಿರಲಿಲ್ಲ.
'ಅಷ್ಟಾದರೂ ಇರಲಿ ಬಿಡು' ಅಂದ.
ಕೈ ನೋಡಿಕೊಂಡೆ. ಉಗುರಿನ ಸಂದಿ, ಅಂಗೈಯ ಗೆರೆ, ಮೊಣಕೈಯವರೆಗೆ.
ಈ ಊರಿನಲ್ಲಿ ನನ್ನಷ್ಟು ಕೆಂಪಾದವರು ಯಾರಿದ್ದಾರೆ?
ಯಾವ ಗುಮಾಸ್ತನೂ ಈವರೆಗೆ ದಂಡ ಕೇಳಲಿಲ್ಲ.

ಬಾಗಿಲು ತಟ್ಟಿದರು.
ಇಂದು ಸಭೆಯ ದಿನವಲ್ಲ.
ಆರ್ಖಿಲ್ಲನಿಗೆ ಕೆಂಪು ಮುಗಿದಿರಬಹುದು.
ಮೇಲುಡೆಯನ್ನು ಬಾನಿಯೊಳಗೆ,
ಇಡಿಯಾಗಿ, ಮುಳುಗಿಸಿದೆ.