ಬಟನ್‌ಗಳ ನಾಮಕರಣ

ಎರಡರಿಂದ ಹತ್ತು ನನ್ನ ಪಾಳಿ,
ಚಾಮರಾಜಪೇಟೆಯ ಆಸ್ಪತ್ರೆಯಲ್ಲಿ, ಟೆಲಿಫೋನ್ ಬೋರ್ಡಿಗೆ.
ಧಾರಾವಾಹಿ ಎಂಟೂವರೆಗೆ.
ಆ ಹೊತ್ತಿಗೆ ನಾನು ಯಾರದೋ ಮಾವನನ್ನು
ಮೂಳೆ ವಾರ್ಡಿಗೆ ಜೋಡಿಸುತ್ತಿರುತ್ತೇನೆ.

ಬೆಳಗ್ಗೆ ಶ್ರೀರಾಮಪುರದ ವಠಾರದ ಮುಂದೆ
ಸೊಪ್ಪಿನ ಗಾಡಿ ನಿಂತ ಕೂಡಲೇ
‘ನಿನ್ನೆ ನೋಡಿದ್ಯಾ ಪಂಕಜಾಕ್ಷಕ್ಕ?’ ಅನ್ನುತ್ತಾಳೆ ಸೆಲ್ವಿ,
ಅಂದು ನಾಲಿಗೆ ಕಚ್ಚಿಕೊಳ್ಳುತ್ತಾಳೆ.
ಕಚ್ಚಿಕೊಳ್ಳಬೇಡ ತಾಯಿ, ನಾನೂ ನೋಡುತ್ತೇನೆ.
ಸಾರಿಗೆ ಉಪ್ಪು ನೋಡುತ್ತೇನೆ,
ಹಾಲು ಒಡೆದಿದೆಯಾ ನೋಡುತ್ತೇನೆ,
ತಿಂಗಳ ಕೊನೆಗೆ ಸಂಬಳದ ದಾರಿ ನೋಡುತ್ತೇನೆ.
ಧಾರಾವಾಹಿ ಯಾವ ಮಹಾ.
ಆ್ಯಪ್ ಬಿಡಬೇಕು, ಅಷ್ಟೇ.

ರಾತ್ರಿ ಹನ್ನೊಂದು. ಒಂದೇ ಕಿವಿಗೆ ಇಯರ್‌ಫೋನು.
ಬೆರಳು ಸರಿದಂತೆಲ್ಲ ಫೋನಿನೊಳಗಿನ ಹೆಂಗಸು ಓದುತ್ತಾಳೆ:
ಬಟನ್, ಹೆಸರಿಲ್ಲ.
ಬಟನ್, ಹೆಸರಿಲ್ಲ.
ಚಿತ್ರ, ಸೊನ್ನೆ ಸೊನ್ನೆ ನಾಲ್ಕು ಏಳು.
ಬಟನ್, ಹೆಸರಿಲ್ಲ.
ಜಾಹೀರಾತಿಗೆ ಮಾತ್ರ ಹೆಸರಿದೆ, ಬೆಲೆಯಿದೆ, ರಿಯಾಯಿತಿಯೂ ಇದೆ.

ಒಂದನ್ನು ಒತ್ತಿದರೆ ಕ್ರಿಕೆಟ್.
ಇನ್ನೊಂದು ಒತ್ತಿದರೆ ವರ್ಷದ ಚಂದಾ.
ಮತ್ತೊಂದಕ್ಕೆ ಮದುವೆ ಹತ್ತು ಸೆಕೆಂಡು ಹಿಂದಕ್ಕೆ ಹೋಗಿ
ಅವನು ಮತ್ತೆ ತಾಳಿ ಕಟ್ಟಿದ.
ಮತ್ತೆ ಒತ್ತಿದೆ, ಮತ್ತೆ ಕಟ್ಟಿದ.
ಮೂರು ಗಂಟಿಗೆ ಮೂರು ಮದುವೆ.

ಶ್ರೀರಾಮಪುರ ಬರುವ ಮೊದಲೇ ಮೆಟ್ರೋದವಳು
ಬಾಗಿಲು ಯಾವ ಕಡೆ ಅಂತ ಹೇಳಿಬಿಡುತ್ತಾಳೆ.
ಇಲ್ಲಿ ಬಾಗಿಲಿದೆ ಅಂತಲೂ ಯಾರೂ ಹೇಳುವುದಿಲ್ಲ.

ಸಹಾಯವಾಣಿಯ ಹುಡುಗ ವಿನಯವಂತ.
‘ಬಲಗಡೆ ಮೇಲೆ ಕೆಂಪಗಿದೆಯಲ್ಲ ಮೇಡಂ, ಅದನ್ನೊತ್ತಿ.’
ಎಷ್ಟು ಹೊತ್ತಿನಿಂದ ಕೆಂಪಗಿದೆಯಪ್ಪಾ, ಅಂದೆ.
ಹೋಲ್ಡಿಗೆ ಹಾಕಿದ.
ನಮ್ಮ ಬೋರ್ಡಿನದೇ ಸಂಗೀತ, ಅದೇ ವೀಣೆ.
ಇಬ್ಬರದೂ ಒಂದೇ ಕಸುಬು, ಬೈಯಲಾಗಲಿಲ್ಲ.

ನಾನು ಹುಟ್ಟಿದ ಹನ್ನೊಂದನೇ ದಿನ
ಸೋದರತ್ತೆ ತೊಟ್ಟಿಲಿಗೆ ಬಗ್ಗಿ
ಕಿವಿಯಲ್ಲಿ ಮೂರು ಸಲ ಪಂಕಜಾಕ್ಷಿ ಅಂದಳಂತೆ.
ತಾವರೆಗಣ್ಣಿನ ವಿಷಯ ತಿಳಿದದ್ದು ಐದನೇ ತಿಂಗಳಿಗೆ.
ಹೆಸರು ಬದಲಿಸೋಣವಾ ಅಂದರಂತೆ ಯಾರೋ.
ಬೇಡ, ಅಂದಳಂತೆ ಅಜ್ಜಿ,
ಮಗುವಿನ ಕಿವಿ ಆಗಲೇ ಕೇಳಿಸಿಕೊಂಡಿದೆ.

ಬ್ರೈಲ್ ತರಗತಿಯ ಗೆಳೆಯ ಇರ್ಫಾನ್ ಹೇಳಿಕೊಟ್ಟ:
ಅವರು ಇಡದಿದ್ದರೆ ನೀನೇ ಇಡಬಹುದು.
ಒಂದು ಭಾನುವಾರ ತಲೆಗೆ ನೀರು ಹಾಕಿಕೊಂಡು ಕೂತೆ.
ಶುರು ಮಾಡುವ ಬಟನ್ನಿಗೆ ‘ಹೂಂ’.
ಹಿಂದಕ್ಕೆ ಹೋಗುವುದಕ್ಕೆ ‘ಏನಂದೆ?’
ಮುಂದಿನ ಕಂತಿಗೆ ‘ಆಮೇಲೆ?’
ಚಂದಾ ಕೇಳುವುದಕ್ಕೆ ಹಳೇ ಮನೆ ಮಾಲೀಕನ ಹೆಸರು,
ಚಿಕ್ಕಮುನಿಯಪ್ಪ.
ಬಟನ್ನಿನ ಕಿವಿ ಎಲ್ಲಿರುತ್ತದೋ ತಿಳಿಯದು;
ಪರದೆಗೆ ತುಟಿ ತಾಗಿಸಿ ಮೂರು ಮೂರು ಸಲ ಅಂದೆ.
ಸೆಲ್ವಿಯ ಅಂಗೈಗೆ ಸಕ್ಕರೆ ಹಾಕಿದೆ.
ಯಾಕೆ ಅಂತ ಹೇಳಲಿಲ್ಲ.

ಹದಿನೆಂಟು ದಿನ ನೋಡಿದೆ.
ಸೊಪ್ಪಿನ ಗಾಡಿಗೆ ಆತು, ಅತ್ತೆಯ ಪರ ವಹಿಸಿ,
ವಠಾರಕ್ಕೆ ವಠಾರವೇ ಎದುರು ನಿಂತರೂ ಜಗಳವಾಡಿದೆ.
ಮಾತೇ ಇಲ್ಲದ ಕಡೆ
ಪಿಟೀಲು ಏರಿ, ಯಾರೋ ಏನೋ ಕಂಡು ಉಸಿರೆಳೆದು,
ಸೋಪಿನ ಜಾಹೀರಾತು ಬಂದಿತು.
ಆವತ್ತು ಸೆಲ್ವಿಯನ್ನೇ ಕೇಳಬೇಕಾಯಿತು.
‘ಫೋಟೋ ಅಕ್ಕಾ. ಹರಿದದ್ದು.
ಇನ್ನರ್ಧದಲ್ಲಿ ಯಾರು ಅಂತ ತೋರಿಸಲೇ ಇಲ್ಲ.’
ಅವಳಿಗೂ ಕಂಡಿಲ್ಲ!
ಸುಳ್ಳು ಯಾಕೆ, ಖುಷಿಯಾಯಿತು.

ಮಂಗಳವಾರ ಆ್ಯಪ್ ತನ್ನಷ್ಟಕ್ಕೇ ಹೊಸದಾಯಿತು.
‘ನಿಮಗಾಗಿ ಇನ್ನಷ್ಟು ಸುಂದರ’,
ಅದನ್ನು ಮಾತ್ರ ಸ್ಪಷ್ಟವಾಗಿ ಓದಿದಳು ಒಳಗಿನವಳು.
ಬೆರಳಿಟ್ಟೆ.
ಬಟನ್, ಹೆಸರಿಲ್ಲ.
ಬಟನ್, ಹೆಸರಿಲ್ಲ.
ಏನಂದೆ ಇಲ್ಲ. ಆಮೇಲೆ ಇಲ್ಲ.
ಚಿಕ್ಕಮುನಿಯಪ್ಪನೂ ಮನೆ ಖಾಲಿ ಮಾಡಿದ್ದ.

ಹನ್ನೊಂದೂ ಹತ್ತು.
ಆಚೆ ಕೊನೆಯ ಮೆಟ್ರೋ ಬಾಗಿಲು ತೆಗೆದು ಮುಚ್ಚಿದ ಸದ್ದು.
ಎದ್ದೆ.
ಡಬ್ಬದಲ್ಲಿ ಸಕ್ಕರೆ ಎಷ್ಟಿದೆ
ನೋಡಬೇಕು.