ಪಥ್ಯ

ಹನ್ನೊಂದು ದಿನವಾಯಿತು,
ನಮ್ಮ ಆಮೆ ಹೊರಕಡೆ ಹೋಗಿಲ್ಲ.
ಅಂಗಳದಲ್ಲೇ ಇದೆ ಅನ್ನಬೇಡಿ, ನಾನು ಹೇಳಿದ್ದು ಅದಲ್ಲ.

ಕೌಲ್‌ಬಜಾರಿನ ಈ ಓಣಿಯಲ್ಲಿ ಎಲ್ಲರೂ ಪ್ಯಾಂಟು ಹೊಲಿಯುವವರು,
ಎಲ್ಲರೂ ವೈದ್ಯರು.
ಗಾದೆಮ್ಮ ಹಾಲು ಅಂದಳು, ಕಾಜಾ ಹಾಕುವ ವಲಿ ಹರಳೆಣ್ಣೆ.
ಅತ್ತೆ ಮಾತ್ರ ಬಾಯಿ ಬಿಡಲಿಲ್ಲ.
ವಿಷ್ಣುವಿನ ಅವತಾರವನ್ನು ಉಪವಾಸ ಕೆಡವಬಹುದೇ ಎಂದು
ದಿನಾ ಮಂಡಕ್ಕಿ ಒಗ್ಗರಣೆ ತಿನ್ನಿಸಿದ್ದು ಅವರೇ,
ಶೇಂಗಾ ಸಮೇತ.

ದನದ ಆಸ್ಪತ್ರೆಯ ಡಾಕ್ಟರು ಚಿಪ್ಪು ತಟ್ಟಿದರು,
ಪರಿಚಯವಿಲ್ಲದ ಮನೆಯ ಬಾಗಿಲು ತಟ್ಟುವ ಹಾಗೆ.
"ನೈವೇದ್ಯ ದೇವರಿಗಿಡ್ರಿ. ಇದಕ್ಕ ಹುಲ್ಲು,
ದಾಸವಾಳದ ಎಲೆ, ಮುಳ್ಳು ತೆಗೆದ ಪಾಪಾಸುಕಳ್ಳಿ.
ಎರಡು ಹೊತ್ತು ಉಗುರುಬೆಚ್ಚಗಿನ ನೀರಾಗ ಕೂಡಿಸ್ರಿ,
ಗದ್ದ ಮುಳುಗಬಾರದು."
ಆಮೇಲೆ ದನಿ ತಗ್ಗಿಸಿ:
"ಇದನ್ನ ಮನ್ಯಾಗ ಸಾಕೂದು ತಪ್ಪು, ಗೊತ್ತೈತಿಲ್ಲ?"
ನಾನು ಚೀಟಿ ಮಡಿಚಿದೆ.

ಅನ್ನ ಬಸಿಯುವ ಬೋಗುಣಿ ಅತ್ತೆ ತಾವೇ ತಂದಿಟ್ಟರು.
ಮೊಣಕೈ ಅದ್ದಿ ಬಿಸಿ ನೋಡಿದೆ,
ಹುಲಿಗೆಮ್ಮ ಕೂಸಾಗಿದ್ದಾಗ ನೋಡಿದಂತೆ.

ಮಂಗಳವಾರ, ಕರೆಂಟು ಹೋಗಿ
ಓಣಿಯ ಮಷೀನುಗಳೆಲ್ಲ ಒಮ್ಮೆಗೇ ಸುಮ್ಮನಾದಾಗ
ಅದು ಹಿಂಗಾಲು ಚಾಚಿತು, ಕತ್ತು ಉದ್ದ ಮಾಡಿತು.
ನೀರು ಕಲಕಿತು.
ಕರಿ ಹಿಕ್ಕೆ, ಅರಗದ ಶೇಂಗಾ ಸಿಪ್ಪೆ,
ನೀಲಿ ದಾರದ ಉಂಡೆ,
ಆಮೇಲೆ ತಳಕ್ಕೆ ಠಣ್ಣೆಂದದ್ದು
ಹಿತ್ತಾಳೆ ಗುಂಡಿ.
ನನ್ನ ಡಬ್ಬಿಯದು.

ಓಣಿಯೆಲ್ಲ ಮಂಡಕ್ಕಿಯನ್ನು ಬೈದುಕೊಂಡು ಬಂದಿದ್ದೆ.
"ಆಯ್ತೇನವ್ವಾ?" ಅತ್ತೆ ಒಳಗಿಂದ ಕೇಳಿದರು.
ಮುಷ್ಟಿ ಮುಚ್ಚಿ, "ಆಯ್ತ್ರಿ" ಅಂದೆ.

ಈಗ ಮಷೀನಿನ ಕೆಳಗೆ
ಎರಡೆರಡು ಸಲ ಗುಡಿಸುತ್ತೇನೆ.
ಅತ್ತೆ ಒಗ್ಗರಣೆ ತಿನ್ನುವಾಗ
ಗೋಡೆಯ ಕಡೆ ತಿರುಗಿ ಕೂರುತ್ತಾರೆ.