ಟಪಾಲಿಗೆ ಒಗ್ಗದ್ದು

ಕೋಡಿಬಾಗದ ಈ ಸಸ್ಯೋದ್ಯಾನದಲ್ಲಿ ನನ್ನ ಕೆಲಸ
ಬೀಜ ಎಣಿಸುವುದು.
ಎಣಿಕೆಗೆ ಸಿಗದಷ್ಟು ಸಣ್ಣದಿದ್ದರೆ ತೂಗುವುದು,
ತೂಕಕ್ಕೂ ನಿಲ್ಲದಿದ್ದರೆ ಉಸಿರು ಬಿಗಿಹಿಡಿದು
ಚಿಟಿಕೆ ಎಂದು ಬರೆಯುವುದು.

ದೀಪಾವಳಿ ಕಳೆದ ಮೇಲೆ ನಮ್ಮ ಪಟ್ಟಿ ಹೊರಡುತ್ತದೆ,
ಈ ಸಲ ಕೊಡಲಿಕ್ಕಿರುವುದು ತೊಂಬತ್ತಮೂರು ಬಗೆ:
ಗುಲಗಂಜಿ, ಸುರಹೊನ್ನೆ, ಮರಳದಂಡೆಯ ಅಡುಂಬು ಬಳ್ಳಿ,
ಹೀಗೆ.
ಹಿಮ ಬೀಳುವ ಊರುಗಳಿಂದ ಉತ್ತರ ಬರುತ್ತದೆ.
ಕಾಂಡ್ಲಾ ಬೀಜ ಹತ್ತು ಕಳಿಸಿ ಎಂದ
ಎಸ್ತೋನಿಯಾದ ಒಬ್ಬ ಮಹಾರಾಯ.

ಕಾಂಡ್ಲಾಕ್ಕೆ ಬೀಜವೆಲ್ಲಿದೆ ಮಾರಾಯ,
ಅದು ತಾಯಿಯ ಕೊಂಬೆಯಲ್ಲಿರುವಾಗಲೇ ಮೊಳೆತು
ಗೇಣುದ್ದದ ಕೋಲಾಗಿ ನೇತಾಡಿ
ಕಾಳಿಯ ಇಳಿತ ನೋಡಿಕೊಂಡು ಕೆಸರಿಗೆ ಧುಮುಕುವ ಜಾತಿ.
ಲಕೋಟೆಗೆ ಹಾಕಿದರೆ
ಬೇರು ಬಿಡುವುದು ಅಂಚೆಯಣ್ಣನ ಚೀಲಕ್ಕೆ.

ಕ್ಷಮಿಸಿ ಎಂದು ಬರೆದೆ. ಕ್ಷಮಿಸಿದ;
ಮೇಲಿಂದ ಭೂರ್ಜದ ಬೀಜವನ್ನೂ ಕಳಿಸಿದ, ನೊಣದ ರೆಕ್ಕೆಯಷ್ಟು.
ಮೊಳೆಯಲು ಅದಕ್ಕೆ ಎರಡು ತಿಂಗಳ ಚಳಿ ಬೇಕಂತೆ.
ಕಾರವಾರದಲ್ಲಿ ಚಳಿ ಇರುವುದು ಕಚೇರಿಯ ಫ್ರಿಜ್ಜಿನಲ್ಲಿ,
ಸಾಂತೇರಿ ಬಾಯಿಯ ಸೋಲ್‌ಕಡಿ ಸೀಸೆಯ ಹಿಂದೆ.
ಇಟ್ಟೆವು. ನಡುವೆ ಮೂರು ಸಲ ಕರೆಂಟು ಹೋಗಿ
ಪಾಪ, ಅದಕ್ಕೆ ಮೂರು ವಸಂತ ಬಂದುಹೋಗಿರಬೇಕು.
ಮೊಳೆತದ್ದು ಎರಡು.
ಮೇ ತಿಂಗಳ ಸೆಖೆಗೆ ಎರಡೂ ಹೋದವು.
ದಾಖಲೆಯ ‘ಕಾರಣ’ದ ಮುಂದೆ ಸಾಂತೇರಿ ಬಾಯಿ ಬರೆದಳು:
ಊರು ಒಗ್ಗಲಿಲ್ಲ.

ಇಷ್ಟೆಲ್ಲ ಹೇಳಿದ್ದು ಒಂದು ಕಾರ್ಡಿನ ಸುದ್ದಿಗೆ.

‘ಮಾನ್ಯರೇ, ನಮ್ಮ ಊರು ಕೊಡಸೆಮಕ್ಕಿ, ಈಗ ಡ್ಯಾಮಿನ ನೀರಿನಡಿ.
ಬಾವಿಕಟ್ಟೆ ಹತ್ತಿರ ಒಂದು ಮುರುಗಲು ಮರ ಇತ್ತು,
ಹಣ್ಣು ಕೆಂಪಲ್ಲ, ಬಿಳಿ.
ನಿಮ್ಮಲ್ಲಿಂದ ಕೊಡೆ ಹಿಡಿದ ಒಬ್ಬರು ಬಂದು ಬೀಜ ಒಯ್ದಿದ್ದರು.
ನಾನಾಗ ಮೂರನೇ ಇಯತ್ತೆ. ಇದ್ದರೆ ತಿಳಿಸಿ.
ಭಾಗೋ ಸೋಮಾ ವೇಳಿಪ.’

ಗೆದ್ದಲು ಓದಿ ಬಿಟ್ಟ ಹಳೆಯ ವಹಿ ತೆಗೆದೆ.
ನಂಬರು ೨೧೭. ಮುರುಗಲು, ಬಿಳಿ.
ಬಾವಿಯಿಂದ ಪೂರ್ವಕ್ಕೆ ಏಳು ಹೆಜ್ಜೆ.
ಕೊಟ್ಟವರು: ಒಬ್ಬ ಹೆಂಗಸು, ಹೆಸರು ಕೇಳಲಿಲ್ಲ.

ಪಂಪ್‌ಶೆಡ್ಡಿನ ಹಿಂದಿನ ಮರ ಅದು.
ಅದರ ಬೀಜ ಒಣಗಿಸಿದರೆ ಸಾಯುತ್ತದೆ,
ಫ್ರಿಜ್ಜಿನಲ್ಲಿಟ್ಟರೆ ಸಾಯುತ್ತದೆ, ತಡಮಾಡಿದರೂ ಸಾಯುತ್ತದೆ.
ಹಾಗಾಗಿ ಯಾವ ಪಟ್ಟಿಗೂ ಏರಲಿಲ್ಲ,
ಯಾವ ದೇಶವೂ ಕೇಳಲಿಲ್ಲ.

ಮೇ ತಿಂಗಳಲ್ಲಿ ನೀವೇ ಬನ್ನಿ ಎಂದು ಬರೆದೆ.

ಬಂದ. ಕಂಕುಳಲ್ಲಿ ಒದ್ದೆ ಮರಪುಡಿ ತುಂಬಿದ ಟಿಫಿನ್ ಡಬ್ಬಿ.
ಮರವನ್ನು ಮುಟ್ಟಲಿಲ್ಲ, ಮೇಲೆ ನೋಡಲೂ ಇಲ್ಲ,
ಬೆನ್ನು ಕೊಟ್ಟು ನಿಂತು
ಪಶ್ಚಿಮಕ್ಕೆ ಎಣಿಸುತ್ತ ನಡೆದ.
ಏಳಕ್ಕೆ ನಿಂತ.
ಮುಂದೆ ಇದ್ದದ್ದು ಬರೀ ಹುಲ್ಲು, ವಾಚ್‌ಮನ್ನನ ಸೈಕಲ್ಲು.
ಎಂಟನೇ ಹೆಜ್ಜೆ ಇಡಲಿಲ್ಲ.

‘ಹನ್ನೊಂದು ಬೀಜ ಇವೆ’ ಎಂದೆ,
‘ಅರ್ಧ ಗಂಡು ಮರವಾದೀತು. ಹಣ್ಣು ಬಿಡುವುದಿಲ್ಲ,
ಹೂ ಬಿಡುವ ತನಕ ಏಳೆಂಟು ವರ್ಷ ಗೊತ್ತೂ ಆಗುವುದಿಲ್ಲ.’
‘ಆಗಲಿ’ ಎಂದ, ‘ನೆರಳಿಗಾಯಿತು.’

ವಹಿ ತೋರಿಸಿದೆ. ಹೆಂಗಸು ಯಾರಿರಬಹುದು?
ಯೋಚಿಸಿದ. ಆ ಬಾವಿಯ ನೀರು ಸೇದುತ್ತಿದ್ದವರು ಐವರು.
ಯಾರನ್ನು ಬಿಡುವುದು?
ಶೇವಂತಿ, ಗೋದು, ಮುಕ್ತಾ, ದೊಡ್ಡ ಯಶೋದಿ, ಸಣ್ಣ ಯಶೋದಿ.
ಅಂಚಿನಲ್ಲಿ ಐದೂ ಬರೆದೆ, ಶಾಯಿ ಸ್ವಲ್ಪ ಹರಡಿತು.

ವಿನಿಮಯಕ್ಕೆ ಏನು ಎಂದು ನಮೂನೆ ಕೇಳುತ್ತದೆ, ನಾನಲ್ಲ.
ಆದರೂ ಚೀಲದಿಂದ ಒಂದು ಗೆಡ್ಡೆ ತೆಗೆದಿಟ್ಟ, ಮಣ್ಣು ಸಮೇತ.
ಹೆಸರು ಕೇಳಿದೆ, ಈ ಸಲ.

ಈ ವರ್ಷದ ಪಟ್ಟಿ ನಿನ್ನೆ ಹೋಯಿತು, ತೊಂಬತ್ತನಾಲ್ಕು ಬಗೆ.
ಕೊನೆಯದರ ಮುಂದೆ, ಸಣ್ಣಕ್ಷರದಲ್ಲಿ:
ಟಪಾಲಿನಲ್ಲಿ ಕಳಿಸಲಾಗದು.
ಬರಬೇಕು.